ಪ್ರಾಂಪ್ಟರನ ಮೊಮ್ಮಗಳು

ಮೇ 4

ನಮ್ಮ ನಾಯಕಿಗೆ ಇವತ್ತು ಮೂರನೆಯ ಸುತ್ತಿನ ಚುಚ್ಚುಮದ್ದು. ಮೂರೂವರೆ ತಿಂಗಳ ಕೂಸಿಗೆ ನಾಯಕಿ ಎನ್ನುವ ಹೆಸರು ಜಾಸ್ತಿಯಾಯಿತು ಎಂದು ಮಗಳು ಗೊಣಗುತ್ತಾಳೆ. ಗೊಣಗಲಿ. ನಾಟಕ ಕಂಪನಿಯಲ್ಲಿ ಜೀವಮಾನವಿಡೀ ಪ್ರಾಂಪ್ಟರ್ ಆಗಿದ್ದವನು ನಾನು. ಪಕ್ಕದ ಪರದೆಯ ಮರೆಯಲ್ಲಿ ನಿಂತು, ಮಾತು ಮರೆತವರಿಗೆಲ್ಲ ಮಾತು ಎತ್ತಿಕೊಟ್ಟವನು. ಎಂತೆಂಥ ನಾಯಕಿಯರನ್ನು ನೋಡಿದ್ದೇನೆ! ಬಂದು ಸುಮ್ಮನೆ ನಿಂತರೂ ಎಲ್ಲರ ಕಣ್ಣು ತನ್ನ ಮೇಲೇ ಇರುವಂತೆ ಮಾಡುವವಳು ನಾಯಕಿ. ಇವಳು ಅದನ್ನು ಮಲಗಿದಲ್ಲೇ ಮಾಡುತ್ತಾಳೆ.

ಆಸ್ಪತ್ರೆಯ ಉದ್ದನೆಯ ಬೆಂಚಿನ ಮೇಲೆ ಸಾಲಾಗಿ ಅಮ್ಮಂದಿರು, ಅವರ ಮಡಿಲಲ್ಲಿ ಸಾಲಾಗಿ ಮಕ್ಕಳು, ಕೊನೆಯಲ್ಲಿ ನಾನೊಬ್ಬ ಮುದುಕ. ಒಳಗೆ ಒಂದು ಮಗುವಿಗೆ ಸೂಜಿ ಚುಚ್ಚಿದರೆ ಸಾಕು, ಹೊರಗಿನ ಮಕ್ಕಳೆಲ್ಲ ತಮಗೇ ಚುಚ್ಚಿದ ಹಾಗೆ ರಾಗ ತೆಗೆಯುತ್ತಿದ್ದವು. ನಮ್ಮವಳು ಮಾತ್ರ ತಿರುಗುವ ಫ್ಯಾನು ನೋಡುತ್ತ ಮಹಾರಾಣಿಯ ಹಾಗೆ ಕೂತಿದ್ದಳು. ಸೂಜಿ ತೊಡೆಗೆ ಇಳಿದಾಗ ಒಮ್ಮೆ ಕಿರುಚಿದಳು. ನಾನು ಮುಖ ಹತ್ತಿರ ತಂದು ಹುಬ್ಬು ಕುಣಿಸಿದೆ. ತಟ್ಟನೆ ನಿಲ್ಲಿಸಿದಳು.

“ಏನ್ ಗಟ್ಟಿಗಿತ್ತಿ ಅಜ್ಜಾ ನಿಮ್ಮ ಮೊಮ್ಮಗಳು!” ಎಂದರು ಸಿಸ್ಟರ್. ದಪ್ಪ ಕನ್ನಡಕದ, ಯಾರಿಗೂ ಸೊಪ್ಪು ಹಾಕದ ಹೆಂಗಸು ಅವರು. ನಾನು ಅವರಿಗೆ ಸೂಜಿಯಮ್ಮ ಎಂದು ಹೆಸರಿಟ್ಟಿದ್ದೇನೆ, ಮನಸ್ಸಿನಲ್ಲಿ ಮಾತ್ರ. ಮನೆಗೆ ಬರುವಾಗ ನನ್ನ ಕಾಲು ನೆಲದ ಮೇಲೆ ಇರಲಿಲ್ಲ.

ಜೂನ್ 17

ಈ ಮನೆಯಲ್ಲಿ ಬೆಳಗಿನಿಂದ ಮಧ್ಯಾಹ್ನದವರೆಗೆ ಸದ್ದು ಮಾಡುವಂತಿಲ್ಲ. ಮಗಳಿಗೆ ಬೇಕರಿಯಲ್ಲಿ ರಾತ್ರಿ ಪಾಳಿ. ಬೆಳಕು ಹರಿಯುವ ಹೊತ್ತಿಗೆ ಹುಬ್ಬಿನಲ್ಲೆಲ್ಲ ಹಿಟ್ಟು ಅಂಟಿಸಿಕೊಂಡು ಬಂದು, ಮಗುವಿಗೆ ಹಾಲು ಕೊಟ್ಟು, ಪರದೆ ಎಳೆದು ಮಲಗಿಬಿಡುತ್ತಾಳೆ. ಅಳಿಯ ಲಾರಿ ಓಡಿಸುತ್ತಾನೆ, ತಿಂಗಳಿಗೊಮ್ಮೆ ಮುಖ ತೋರಿಸಿದರೆ ಪುಣ್ಯ. ಸೈಕಲ್ ಅಂಗಡಿಯ ಮೇಲಿನ ಒಂದೇ ಕೋಣೆ, ಒಂದು ಅಡುಗೆಮನೆ, ನಡುವೆ ಒಂದು ಪರದೆ. ಪರದೆಯ ಆಚೆ ದಣಿದು ಮಲಗಿದ ಮಗಳು, ಈಚೆ ನಾನು ಮತ್ತು ನಾಯಕಿ.

ಆದ್ದರಿಂದ ನಾವಿಬ್ಬರೂ ತುಟಿಯಲ್ಲೇ ಮಾತಾಡುತ್ತೇವೆ. ಈ ವಿದ್ಯೆಯಲ್ಲಿ ನನ್ನನ್ನು ಮೀರಿಸುವವರು ಇನ್ನೂ ಹುಟ್ಟಿಲ್ಲ. ಬಾಯಿ ಆಡುತ್ತದೆ, ಉಸಿರು ಕೂಡ ಹೊರಗೆ ಬರುವುದಿಲ್ಲ. ರಂಗದ ನಡುವೆ ನಿಂತ ರಾಜ ಅದನ್ನು ನೋಡಿಯೇ ಉದ್ದುದ್ದ ಮಾತು ಒಪ್ಪಿಸುತ್ತಿದ್ದ. ಆದರೆ ನಟರು ನನ್ನ ಕಡೆ ನೋಡುತ್ತಿದ್ದದ್ದು ಪೇಚಿಗೆ ಸಿಕ್ಕಿದಾಗ ಮಾತ್ರ. ಇವಳು ಹಾಗಲ್ಲ. ಕಣ್ಣು ಮಿಟುಕಿಸುವುದನ್ನೂ ಮರೆತು ನನ್ನ ಬಾಯಿಯನ್ನೇ ನೋಡುತ್ತಾಳೆ. ಇಷ್ಟು ವಯಸ್ಸಾಯಿತು, ನನ್ನನ್ನು ಯಾರೂ ಹೀಗೆ ನೋಡಿರಲಿಲ್ಲ.

ಇವತ್ತು ಕೈಜಾರಿ ಪಾತ್ರೆಯ ಮುಚ್ಚಳ ಬಿತ್ತು. ಮಗಳು “ಏನಾಯ್ತಪ್ಪಾ!” ಎಂದು ಎದ್ದೇ ಕೂತಳು. ಮುಚ್ಚಳ ಬಿದ್ದದ್ದು ನಾಯಕಿಯ ಬೆನ್ನ ಹಿಂದೆ. ಅವಳು ತನ್ನ ಕಾಲಿನ ಹೆಬ್ಬೆರಳನ್ನು ನೋಡುವುದನ್ನು ಬಿಡಲಿಲ್ಲ. ರಂಗದ ಮೇಲೆ ದೀಪ ಕಳಚಿ ಬಿದ್ದರೂ ಮಾತು ತಪ್ಪದ ಒಬ್ಬಳು ನಟಿ ನಮ್ಮ ಕಂಪನಿಯಲ್ಲಿದ್ದಳು. ಇವಳು ಅವಳಿಗೂ ಅಪ್ಪ.

ಆಗಸ್ಟ್ 2

“ಅಮ್ಮ ಎಲ್ಲಿ?” ಎಂದರೆ ಪರದೆಯ ಕಡೆ ನೋಡುತ್ತಾಳೆ! ಆರೂವರೆ ತಿಂಗಳಿಗೇ! ಪಕ್ಕದ ಮನೆಯ ಹುಡುಗ ಎಂಟು ತಿಂಗಳಾದರೂ ಬರೀ ಜೊಲ್ಲು ಸುರಿಸುತ್ತ ಕೂತಿದ್ದಾನೆ. ಪಾಪ, ಅವನಿಗೆ ಕಲಿಸುವವರಿಲ್ಲ.

ಅಕ್ಟೋಬರ್ 11

ಒಂಬತ್ತು ತಿಂಗಳ ಚುಚ್ಚುಮದ್ದು, ಜೊತೆಗೆ ಬೆಳವಣಿಗೆಯ ಪರೀಕ್ಷೆ. ಮಗಳೂ ನಿದ್ದೆಗಣ್ಣಿನಲ್ಲೇ ಬಂದಳು.

ಇವತ್ತಿನದು ದಡಾರದ ಮದ್ದು. ಸಿಸ್ಟರ್ ಸಣ್ಣ ಸೀಸೆ ಅಲ್ಲಾಡಿಸಿ ಸಿರಿಂಜಿಗೆ ಎಳೆದುಕೊಳ್ಳುವಾಗ ನಾನು ಬಗ್ಗಿ ನೋಡಿದೆ. ಅರ್ಧ ಚಮಚದಷ್ಟೂ ಇರಲಿಲ್ಲ. ನನ್ನ ತಮ್ಮ ದಡಾರದಿಂದ ಹೋದ. ಅವನು ಹೋದ ವಾರವೇ ನಮ್ಮ ಬೀದಿಯಲ್ಲಿ ಇನ್ನೂ ಎರಡು ಮನೆಗಳ ಮುಂದೆ ಜನ ಸೇರಿದ್ದರು. ಅಮ್ಮ ಅವನ ಅಂಗಿಗಳನ್ನು ಕೊನೆಯವರೆಗೂ ಯಾರಿಗೂ ಕೊಡಲಿಲ್ಲ. ಅಂಥ ಮಾರಿಯನ್ನು ತಡೆಯಲು ಇಷ್ಟೇ ಇಷ್ಟು ನೀರು ಸಾಕೇ! ಯಾರೋ ಎಲ್ಲಿಯೋ ಕೂತು ಇದನ್ನು ಕಂಡುಹಿಡಿದಿದ್ದಾರೆ. ಯಾರೋ ಇದನ್ನು ತಣ್ಣನೆಯ ಪೆಟ್ಟಿಗೆಯಲ್ಲಿಟ್ಟು, ಕೆಡದ ಹಾಗೆ ಇಲ್ಲಿಯವರೆಗೆ ಹೊತ್ತು ತಂದಿದ್ದಾರೆ. ಅವರು ಯಾರೂ ನಮ್ಮ ನಾಯಕಿಯನ್ನು ನೋಡಿದವರಲ್ಲ. ನನಗೆ ಅಲ್ಲೇ ಕೈ ಮುಗಿಯಬೇಕು ಅನ್ನಿಸಿತು, ಸಿಸ್ಟರ್ ಬೈದಾರೆಂದು ಸುಮ್ಮನಾದೆ.

ಆಮೇಲೆ ಪರೀಕ್ಷೆ. ಏನೇನು ಕೇಳುತ್ತಾರೆಂದು ಗೋಡೆಯ ಮೇಲೆ ಚಿತ್ರ ಸಮೇತ ಹಾಕಿದ್ದಾರೆ. ಅದನ್ನು ಹೋದ ಸಲವೇ ನೋಡಿಕೊಂಡು ಬಂದು ಮನೆಯಲ್ಲಿ ತಾಲೀಮು ಮಾಡಿಸಿದ್ದೆ. ಕೈಯಾಸರೆ ಇಲ್ಲದೆ ಕೂರುವುದು, ಪಾಸು. ಒಣದ್ರಾಕ್ಷಿಯನ್ನು ಎರಡೇ ಬೆರಳಲ್ಲಿ ಹೆಕ್ಕುವುದು, ಪಾಸು. ಬಟ್ಟೆಯ ಅಡಿ ಬಚ್ಚಿಟ್ಟ ಗೊಂಬೆಯನ್ನು ಎಳೆಯುವುದು, ಅದಕ್ಕೂ ಪಾಸು. ಕಡೆಯದು ಗಂಟೆ. ಮಗು ಅಮ್ಮನ ಮಡಿಲಲ್ಲಿ, ಎದುರಿಗೆ ನಾನು. ಸಿಸ್ಟರ್ ಹಿಂದಿನಿಂದ ಬಂದು ಒಮ್ಮೆ ಬಲಕ್ಕೆ, ಒಮ್ಮೆ ಎಡಕ್ಕೆ ಸಣ್ಣ ಗಂಟೆ ಆಡಿಸಿದರು. ನಾಯಕಿ ಬಲಕ್ಕೂ ತಿರುಗಿದಳು, ಎಡಕ್ಕೂ ತಿರುಗಿದಳು. ನಾನು ಕೊಂಚ ಹುಬ್ಬು ಎತ್ತಿರಬಹುದು, ಅಷ್ಟೇ. ಅದು ಹುಟ್ಟುಗುಣ.

“ಬಬ್ಬಬ್ಬ, ಮಮ್ಮಮ್ಮ ಅಂತೆಲ್ಲ ಅಂತಾಳಾ ಅಜ್ಜಾ?” ಎಂದು ಕೇಳಿದರು ಸಿಸ್ಟರ್.

“ನಾಯಕಿ ಮಾತು ಯಾವಾಗ್ಲೂ ಎರಡನೇ ಅಂಕದಲ್ಲಿ ಶುರುವಾಗೋದು ಸಿಸ್ಟರ್,” ಎಂದೆ. ಅವರು ನಗಲಿಲ್ಲ. ಕನ್ನಡಕ ಮೇಲೇರಿಸಿ ಅವಳನ್ನು ಇನ್ನೊಂದು ಸಲ ನೋಡಿದರು.

ಅಕ್ಟೋಬರ್ 19

ಇವತ್ತು ಮಗಳಿಗೆ ರಜೆ. ಬಟ್ಟೆ ಮಡಿಸುತ್ತ ಕೂತವಳು ಹಿಂದಿನಿಂದ “ಪುಟ್ಟೀ” ಎಂದು ಕರೆದಳು. ನಾಯಕಿ ಮರದ ಚಮಚದ ಜೊತೆ ಗುದ್ದಾಡುತ್ತಿದ್ದಳು, ತಿರುಗಲಿಲ್ಲ. ಮಗಳು ಮತ್ತೆ ಕರೆದಳು. ಆಮೇಲೆ ಜೋರಾಗಿ ಕರೆದಳು.

“ಅಪ್ಪಾ, ಇವಳಿಗೆ ಕಿವಿ ಕೇಳುತ್ತಾ?”

ನನಗೆ ಎಲ್ಲಿತ್ತೋ ಸಿಟ್ಟು, ನೆತ್ತಿಗೇರಿತು. “ಏನು ಮಾತೂಂತ ಆಡ್ತೀಯಮ್ಮಾ? ಹುಟ್ಟಿದ ಆಸ್ಪತ್ರೇಲೇ ಕಿವಿ ನೋಡಿ ಸರಿ ಇದೆ ಅಂದಿದ್ರು. ಮೊನ್ನೆ ತಾನೆ ಸಿಸ್ಟರ್ ಗಂಟೆ ಆಡಿಸಿದಾಗ ನೀನೇ ಇರ್ಲಿಲ್ವಾ? ನಾನು ಹೇಳಿದ್ದೆಲ್ಲ ಅರ್ಥ ಆಗುತ್ತೆ ಅವಳಿಗೆ. ನೋಡ್ತಿರು.”

ಎದುರಿಗೆ ಕೂತು ಚಪ್ಪಾಳೆ ಎಂದೆ. ನಾಯಕಿ ಚಮಚ ಬಿಸಾಕಿ ಎರಡೂ ಕೈ ತಟ್ಟಿದಳು. ಟಾಟಾ ಎಂದೆ. ಕೈ ಬೀಸಿದಳು. ಅಮ್ಮ ಎಲ್ಲಿ ಎಂದೆ. ತಿರುಗಿ ಮಗಳನ್ನು ನೋಡಿ ನಕ್ಕಳು. ನಾನು ಗೆದ್ದವನ ಹಾಗೆ ಮಗಳ ಕಡೆ ನೋಡಿದೆ.

ಮಗಳ ಕೈಯಲ್ಲಿ ಅರ್ಧ ಮಡಿಸಿದ ಲಂಗ ಹಾಗೇ ಇತ್ತು. “ಅಪ್ಪಾ,” ಎಂದಳು. “ನೀನು ಬಾಯಿ ಆಡಿಸ್ದೆ, ಅಷ್ಟೇ. ದನಿ ಬರ್ಲೇ ಇಲ್ಲ.”

ಅಕ್ಟೋಬರ್ 20

ಬರೆಯಲು ಮನಸ್ಸಿಲ್ಲ.

ಅಕ್ಟೋಬರ್ 22

ಎರಡು ದಿನದಿಂದ ಕಳ್ಳನ ಹಾಗೆ ಅವಳ ಬೆನ್ನ ಹಿಂದೆ ಸುತ್ತುತ್ತಿದ್ದೇನೆ. ಚಿಟಿಕೆ ಹೊಡೆದೆ. ಚಪ್ಪಾಳೆ ತಟ್ಟಿದೆ. ಮುಚ್ಚಳವನ್ನು ಬೇಕೆಂದೇ ಬಡಿದೆ. ಮುಚ್ಚಳಕ್ಕೆ ಒಮ್ಮೆ ಕತ್ತು ಎತ್ತಿದ ಹಾಗಾಯಿತು. ಉಳಿದದ್ದಕ್ಕೆ ಏನೂ ಇಲ್ಲ.

ಆದರೆ ಇನ್ನೊಂದು ಸಂಗತಿಯನ್ನೂ ನೋಡಿದೆ. ಅದನ್ನು ಬರೆಯದೆ ಇರಲಾರೆ. ಕಿವಿಗೆ ಸಿಗದ್ದನ್ನೆಲ್ಲ ಇವಳು ಬೇರೆ ದಾರಿಯಲ್ಲಿ ಪತ್ತೆಮಾಡಿಕೊಂಡಿದ್ದಾಳೆ! ಬೆಳಿಗ್ಗೆ ಮಗಳು ಬರುವ ಮುಂಚೆಯೇ ಬಾಗಿಲ ಕಡೆ ತೆವಳುತ್ತಾಳಲ್ಲ, ಮೆಟ್ಟಿಲ ಸದ್ದು ಕೇಳಿ ಹೋಗುತ್ತಾಳೆಂದು ನಾನು ತಿಳಿದಿದ್ದೆ. ಇವತ್ತು ನೆಲಕ್ಕೆ ಕೆನ್ನೆ ತಾಗಿಸಿ ನೋಡಿದೆ. ನಮ್ಮದು ಹಲಗೆಯ ನೆಲ, ಮರದ ಮೆಟ್ಟಿಲು. ಯಾರಾದರೂ ಹತ್ತಿದರೆ ಹಲಗೆ ಸಣ್ಣಗೆ ನಡುಗುತ್ತದೆ. ಅವಳು ಅಂಗೈ ಊರಿ ಕೂತಿರುತ್ತಾಳೆ. ಆ ನಡುಕದಲ್ಲಿ ಅಮ್ಮ ಯಾರು, ಅಂಗಡಿಯವನು ಯಾರು ಎಂದು ಅವಳಿಗೆ ಗೊತ್ತು. ಅಂಗಡಿಯವನು ಬಂದರೆ ಅಲ್ಲಾಡುವುದಿಲ್ಲ. ಅಮ್ಮ ಬಂದರೆ ಸರಸರನೆ ತೆವಳುತ್ತಾಳೆ.

ನಾನು ಒಲೆಯ ಹತ್ತಿರ ಹೋದರೆ ಗೋಡೆಯ ಮೇಲಿನ ನನ್ನ ನೆರಳು ನೋಡಿ ಹಿಂದೆ ತಿರುಗುತ್ತಾಳೆ. ನನಗೆ ಸೀನು ಬರುವುದು ನನಗಿಂತ ಮುಂಚೆ ಅವಳಿಗೆ ಗೊತ್ತಾಗುತ್ತದೆ, ಮೂಗು ನೋಡಿಯೇ ನಗಲು ಶುರುಮಾಡುತ್ತಾಳೆ. ಇನ್ನು ತುಟಿಯ ಮಾತು! ನಮ್ಮ ಕಂಪನಿಯ ದೊಡ್ಡ ದೊಡ್ಡ ನಟರಿಗೆ ಅದನ್ನು ಓದಲು ಎರಡು ವರ್ಷ ಹಿಡಿಯುತ್ತಿತ್ತು. ಇವಳಿಗೆ ಇನ್ನೂ ಎರಡೇ ಹಲ್ಲು. ಯಾರೂ ಹೇಳಿಕೊಡದೆ, ತನಗೇನೋ ಕಡಿಮೆ ಇದೆ ಎನ್ನುವುದೂ ಗೊತ್ತಿಲ್ಲದೆ, ಇಡೀ ಲೋಕವನ್ನು ಕಣ್ಣಿನಿಂದಲೂ ಅಂಗೈಯಿಂದಲೂ ಕಟ್ಟಿಕೊಂಡಿದ್ದಾಳೆ. ಅವಳನ್ನು ಎತ್ತಿಕೊಳ್ಳಲು ಹೋದವನು ಸುಮ್ಮನೆ ಎದುರಿಗೆ ಕೂತುಬಿಟ್ಟೆ.

ಗಂಟೆಯ ದಿನ ಏನಾಯಿತೆಂದು ಈಗ ತಿಳಿಯುತ್ತಿದೆ. ಅವಳು ತಿರುಗಿದ್ದು ಗಂಟೆಗಲ್ಲ, ಗಂಟೆಯ ಕಡೆ ಓಡಿದ ನನ್ನ ಕಣ್ಣಿಗೆ.

ಅಕ್ಟೋಬರ್ 29

ಸೂಜಿಯಮ್ಮನ ಹತ್ತಿರ ಮತ್ತೆ ಹೋದೆವು. ಮಗಳು ಎಲ್ಲವನ್ನೂ ಹೇಳಿದಳು. ಸಿಸ್ಟರ್ ನನ್ನ ಮೇಲೆ ಹಾರಿಬೀಳುತ್ತಾರೆಂದು ತಲೆ ತಗ್ಗಿಸಿ ನಿಂತಿದ್ದೆ. ಅವರು ತಮ್ಮ ಹಣೆಯನ್ನೇ ಚಚ್ಚಿಕೊಂಡರು.

“ನಾನಾದ್ರೂ ನಿಮ್ಮನ್ನ ಎದುರಿಗೆ ಕೂರಿಸಬಾರ್ದಿತ್ತು ಅಜ್ಜಾ. ಮಮ್ಮಮ್ಮ ಅಂತಾಳಾ ಅಂದ್ರೆ ನೀವು ತಮಾಷೆ ಮಾಡಿದಾಗಲೇ ಅನುಮಾನ ಬಂದಿತ್ತು. ತಿರುಗಿದ್ಲಲ್ಲಾ ಅಂತ ಬಿಟ್ಟೆ. ಈಗ ನೀವು ಆಚೆ ಹೋಗಿ, ನೋಡೋಣ.”

ಆಚೆ ಹೋದೆ. ನಾನು ಬಾಗಿಲು ದಾಟುವುದನ್ನು ಕಂಡು ನಾಯಕಿ ಕೆಂಪಾಗಿ ಅಳತೊಡಗಿದಳು. ಅಳುವ ಮಗುವಿಗೆ ಪರೀಕ್ಷೆ ಹೇಗೆ ಮಾಡುವುದು? ಮತ್ತೆ ಕರೆದರು. “ಎದುರಿಗೇ ಕೂತ್ಕೊಳ್ಳಿ. ಆದ್ರೆ ಕಣ್ಣು ಮುಚ್ಕೊಂಡು. ನಾನು ಹೇಳೋವರೆಗೂ ತೆಗೀಬೇಡಿ, ಮುಖದಲ್ಲಿ ಒಂದು ಗೆರೆ ಅಲ್ಲಾಡಬಾರ್ದು.”

ಕಣ್ಣು ಮುಚ್ಚಿದೆ. ಬಲಗಡೆ ಗಂಟೆ ಸದ್ದಾಯಿತು. ಎಷ್ಟು ಸ್ಪಷ್ಟವಾಗಿತ್ತು! ಆಮೇಲೆ ಏನೂ ಇಲ್ಲ. ಎಡಗಡೆ ಸದ್ದಾಯಿತು. ಆಮೇಲೆ ಏನೂ ಇಲ್ಲ. ಸಿಸ್ಟರ್ ಬಟ್ಟಲಿಗೆ ಚಮಚ ಬಡಿದರು, ಕಾಗದ ಮುದುಡಿದರು. ನಾಟಕದಲ್ಲಿ ಮಾತು ಬರಬೇಕಾದ ಕಡೆ ಮೌನ ಬಿದ್ದರೆ ಅದನ್ನು ತುಂಬುವುದು ನನ್ನ ಕೆಲಸವಾಗಿತ್ತು. ಒಂದು ದಿನವೂ ರಂಗವನ್ನು ಬರಿದಾಗಿ ಬಿಟ್ಟವನಲ್ಲ ನಾನು. ಇವತ್ತು ಮೌನದ ಮೇಲೆ ಮೌನ ಬೀಳುತ್ತಿತ್ತು, ನಾನು ಕೈಕಾಲು ಕಟ್ಟಿದವನ ಹಾಗೆ ಕೂತಿದ್ದೆ. ನನ್ನ ರೆಪ್ಪೆಯ ಅಡಿಯಲ್ಲಿ ಕಣ್ಣುಗುಡ್ಡೆ ತಾನಾಗಿಯೇ ಬಲಕ್ಕೆ ಓಡುತ್ತಿತ್ತು. ಅದನ್ನು ಹಿಡಿದು ನಿಲ್ಲಿಸುವಷ್ಟರಲ್ಲಿ ಬೆವತುಹೋದೆ.

ಮಗಳು ಮೂಗು ಎಳೆದುಕೊಂಡದ್ದು ಕೇಳಿಸಿತು. ಕಣ್ಣು ತೆಗೆಯಿರಿ ಎನ್ನುವವರೆಗೂ ತೆಗೆಯಲಿಲ್ಲ.

ನವೆಂಬರ್ 6

ದೊಡ್ಡ ಆಸ್ಪತ್ರೆಯ ಕಿವಿ ವಿಭಾಗ. ಗೋಡೆಗೆಲ್ಲ ಮೆತ್ತೆ ಹೊದಿಸಿದ ಸಣ್ಣ ಕೋಣೆ. ನಾಯಕಿ ನಿದ್ದೆ ಮಾಡಬೇಕಿತ್ತು. ಹೆಗಲ ಮೇಲೆ ಹಾಕಿಕೊಂಡು ಬೆನ್ನು ತಟ್ಟಿ ಮಲಗಿಸಿದೆ. ಹಣೆಗೂ ಕಿವಿಯ ಹಿಂದೆಯೂ ತಂತಿ ಅಂಟಿಸಿ, ಕಿವಿಯೊಳಗೆ ಟಿಕ್ ಟಿಕ್ ಸದ್ದು ಬಿಟ್ಟರು. ಸದ್ದು ತಲುಪಿದರೆ ಮಿದುಳು ನಿದ್ದೆಯಲ್ಲೂ ಉತ್ತರ ಕೊಡುತ್ತದಂತೆ, ಅದು ಗೆರೆಯಾಗಿ ಪರದೆಯ ಮೇಲೆ ಮೂಡುತ್ತದಂತೆ. ಮಗು ಗೊರಕೆ ಹೊಡೆಯುತ್ತಿದೆ, ಒಳಗೆ ಯಾರೋ ಎಚ್ಚರವಾಗಿದ್ದು ಬಾಗಿಲು ತಟ್ಟಿದರೆ ಓಗೊಡುತ್ತಿದ್ದಾರೆ! ನಾನು ಬಾಯಿ ತೆರೆದುಕೊಂಡು ನೋಡಿದೆ.

ಜೋರು ಸದ್ದಿಗೆ ಗೆರೆ ಎದ್ದಿತು. ಸದ್ದು ಇಳಿಸುತ್ತ ಹೋದ ಹಾಗೆ ಗೆರೆ ಕುಗ್ಗಿ, ಮಲಗಿತು.

ಡಾಕ್ಟರ್ ಸಣ್ಣ ವಯಸ್ಸಿನ ಹೆಣ್ಣುಮಗಳು. ನಿಧಾನವಾಗಿ ಬಿಡಿಸಿ ಹೇಳಿದರು. “ಪೂರ್ತಿ ಕೇಳಲ್ಲ ಅಂತಲ್ಲ. ಜೋರು ಸದ್ದು ಒಂದಿಷ್ಟು ಸಿಗುತ್ತೆ, ಮಾತು ಸಿಗಲ್ಲ. ಹುಟ್ಟಿದಾಗ ಸರಿ ಇದ್ದು ಆಮೇಲೆ ಕಡಿಮೆ ಆಗೋ ಮಕ್ಕಳಿರ್ತಾರೆ. ಯಾರ ತಪ್ಪೂ ಅಲ್ಲ. ಎರಡೂ ಕಿವಿಗೆ ಮಷೀನ್ ಹಾಕೋಣ. ಏಪ್ರಿಲ್ ತನಕ ನೋಡೋಣ. ಮೆಲುವಾದ ಸದ್ದಿಗೂ ತಿರುಗಿದ್ರೆ ಮಾತು ಬರೋ ದಾರಿ ತೆರೀತು ಅಂತ ಲೆಕ್ಕ. ಇಲ್ಲಾಂದ್ರೆ ಆಪರೇಷನ್ ಬಗ್ಗೆ ಯೋಚಿಸ್ಬೇಕಾಗುತ್ತೆ.”

ಮಗಳು ನಾನು ತುಟಿಯಲ್ಲಿ ಕಲಿಸಿದ್ದನ್ನು ಹೇಳಿದಳು. ಡಾಕ್ಟರಿಗೆ ನಂಬಿಕೆ ಬರಲಿಲ್ಲ. ಎದ್ದ ಮೇಲೆ ಮಾಡಿಸಿ ತೋರಿಸಿದೆ. ಚಪ್ಪಾಳೆ, ಟಾಟಾ, ಫ್ಯಾನು ಎಲ್ಲಿ, ಅಮ್ಮ ಎಲ್ಲಿ. ಡಾಕ್ಟರ್ ಕುರ್ಚಿ ಎಳೆದುಕೊಂಡು ಹತ್ತಿರ ಬಂದು ಮತ್ತೆ ಮತ್ತೆ ಮಾಡಿಸಿದರು.

“ಇದು ಯಾವುದೂ ದಂಡ ಆಗಲ್ಲ ತಾತಾ. ಮಾತಿಗೆ ಅರ್ಥ ಇದೆ ಅಂತ ಇವಳಿಗೆ ಆಗ್ಲೇ ಗೊತ್ತು. ಇನ್ಮೇಲೆ ಅದಕ್ಕೆ ದನಿ ಸೇರಿಸಿ. ಗಟ್ಟಿಯಾಗಿ ಮಾತಾಡಿ. ಇಡೀ ದಿನ ಮಾತಾಡ್ತಾನೇ ಇರಿ.”

ಸಂಜೆ ಅಳಿಯನಿಗೆ ಫೋನ್ ಮಾಡಿ ಹೇಳಿದೆವು. ಅವನು ಎಲ್ಲೋ ರಸ್ತೆ ಬದಿಯಲ್ಲಿ ಲಾರಿ ನಿಲ್ಲಿಸಿಕೊಂಡಿದ್ದ. ಎಲ್ಲ ಕೇಳಿಸಿಕೊಂಡು “ಮಾವ, ಈಗೇನು ಮಾಡ್ತಿದಾಳೆ?” ಎಂದ. ನಿಮ್ಮ ಚಪ್ಪಲಿ ಕಡಿಯುತ್ತಿದ್ದಾಳೆ ಎಂದೆ. ನಗಲು ಹೋಗಿ ಅತ್ತುಬಿಟ್ಟ.

ಡಿಸೆಂಬರ್ 3

ಇವತ್ತು ಮಷೀನು ಹಾಕಿದರು. ಹೋದ ತಿಂಗಳು ಕಿವಿಯೊಳಗೆ ಗುಲಾಬಿ ಬಣ್ಣದ ಹಿಟ್ಟಿನಂಥದ್ದನ್ನು ತುಂಬಿ ಅಚ್ಚು ತೆಗೆದಿದ್ದರು. ಆ ಅಚ್ಚಿನದೇ ಪುಟ್ಟ ಬಿರಡೆ, ಅದಕ್ಕೆ ನಳಿಗೆ, ಕಿವಿಯ ಹಿಂದೆ ಕೂರುವ ಮಷೀನು.

ನಾಯಕಿ ನಗುತ್ತಾಳೋ ಅಳುತ್ತಾಳೋ ಎಂದು ನಾವೆಲ್ಲ ಕಾದು ನಿಂತಿದ್ದೆವು. ಎರಡೂ ಮಾಡಲಿಲ್ಲ. ಅಲ್ಲಾಡದೆ ಕೂತಳು. ಮೂಲೆಯಲ್ಲಿ ನಲ್ಲಿ ಸೋರುತ್ತಿತ್ತು. ಬಹಳ ಹೊತ್ತು ಹುಬ್ಬು ಗಂಟು ಹಾಕಿಕೊಂಡಿದ್ದಳು. ಆಮೇಲೆ “ಆ” ಎಂದಳು. ಎಂದವಳೇ ಬೆಚ್ಚಿದಳು. ಯಾರು ಮಾತಾಡಿದ್ದು ಎನ್ನುವ ಹಾಗೆ ನಮ್ಮೆಲ್ಲರ ಬಾಯಿಯನ್ನು ಒಂದೊಂದಾಗಿ ನೋಡಿದಳು. ಯಾರ ಬಾಯಿಯೂ ಆಡುತ್ತಿರಲಿಲ್ಲ. ಮತ್ತೆ “ಆ” ಎಂದಳು. ಈ ಸಲ ಮೆಲ್ಲಗೆ, ಪರೀಕ್ಷೆ ಮಾಡುವವಳ ಹಾಗೆ. ಅದು ತನ್ನದೇ ಎಂದು ತಿಳಿಯಿತು. ನಾನು ಎಷ್ಟೋ ರಾಜರ ಪಟ್ಟಾಭಿಷೇಕ ನೋಡಿದ್ದೇನೆ, ಬಣ್ಣದ ದೀಪಗಳ ಕೆಳಗೆ, ಬಾಜಾಬಜಂತ್ರಿಯ ಜೊತೆ. ಇಂಥದ್ದನ್ನು ನೋಡಿರಲಿಲ್ಲ.

ಮನೆಗೆ ಬರುವ ದಾರಿಯಲ್ಲಿ ಎಡಗಿವಿಯದನ್ನು ಕಿತ್ತು ಬಾಯಿಗೆ ಹಾಕಿಕೊಂಡಳು. ಬೆರಳು ತೂರಿಸಿ ತೆಗೆದೆ.

ಡಿಸೆಂಬರ್ 15

ದಿನವಿಡೀ ಇದೇ ಕುಸ್ತಿ. ನಾನು ಹಾಕುವುದು, ಅವಳು ಕೀಳುವುದು. ಒಂದು ಸಲ ಬೂಟಿನಲ್ಲಿ ಸಿಕ್ಕಿತು, ಒಂದು ಸಲ ನೀರಿನ ಬಿಂದಿಗೆಯ ಪಕ್ಕದಲ್ಲಿ. ಇನ್ನೊಂದು ಅಂಗುಲ ಸರಿದಿದ್ದರೆ ನೀರಿಗೇ ಬೀಳುತ್ತಿತ್ತು. ಮಗಳು ನೂಲಿನಲ್ಲಿ ಪೋಣಿಸಿ ಅಂಗಿಯ ಹಿಂದಕ್ಕೆ ಕಟ್ಟಿಕೊಟ್ಟಿದ್ದಾಳೆ.

ಇನ್ನೊಂದು ತೊಡಕು ನನ್ನದು. ಗಟ್ಟಿಯಾಗಿ ಮಾತಾಡಬೇಕಂತೆ. ಇಪ್ಪತ್ತರ ವಯಸ್ಸಿನಲ್ಲಿ ನನಗೂ ಒಂದು ಪಾತ್ರ ಕೊಟ್ಟಿದ್ದರು, ದೂತನದು, ಎರಡೇ ಸಾಲು. ಬಾಯಿ ತೆರೆದ ಕೂಡಲೇ ಮುಂದಿನ ಸಾಲಿನಿಂದ ಹಿಂದಿನ ಸಾಲಿನವರೆಗೆ ಜನ ಬಿದ್ದು ಬಿದ್ದು ನಕ್ಕರು. ಡಬ್ಬ ಎಳೆದ ಹಾಗಿದೆ ನನ್ನ ಕಂಠ. ಮಾಲೀಕರು ಮರುದಿನವೇ ಪರದೆಯ ಹಿಂದೆ ನಿಲ್ಲಿಸಿದರು. ಅಲ್ಲಿಂದ ಈಚೆಗೆ ನನಗೆ ದನಿ ಎಂಬುದು ಬೇಕಾಗಿರಲಿಲ್ಲ.

ಜನವರಿ 8

ಬೆಳಗಿನ ಹೊತ್ತು ಮಗಳು ಮಲಗಿರುವಾಗ ತುಟಿಯಲ್ಲೇ ಏನೋ ಹೇಳುತ್ತಿದ್ದೆ. ಪರದೆ ಸರಕ್ಕನೆ ಸರಿಯಿತು.

“ಅಪ್ಪಾ, ಗಟ್ಟಿಯಾಗಿ ಹೇಳು.”

“ನೀನು ಮಲಗ್ಬೇಕಲ್ಲಮ್ಮಾ. ರಾತ್ರಿಯೆಲ್ಲ ಹಿಟ್ಟು ನಾದಿ ಬಂದಿದೀಯ.”

“ನನ್ನ ನಿದ್ದೆ ಎಲ್ಲಿಗೂ ಹೋಗಲ್ಲ. ಅವಳ ಕಾಲ ಹೋಗುತ್ತೆ.” ಹತ್ತಿಯ ಉಂಡೆ ಮಾಡಿ ತನ್ನ ಎರಡೂ ಕಿವಿಗೆ ತುರುಕಿಕೊಂಡು, ಗೋಡೆಯ ಕಡೆ ಮುಖ ಮಾಡಿ ಮಲಗಿಬಿಟ್ಟಳು. ನಾನು ಸ್ವಲ್ಪ ಹೊತ್ತು ಅವಳ ಬೆನ್ನನ್ನೇ ನೋಡುತ್ತ ನಿಂತೆ. ಇವಳು ಯಾವಾಗ ಇಷ್ಟು ದೊಡ್ಡವಳಾದಳೋ ತಿಳಿಯದು.

ಆಮೇಲೆ ಶುರುಮಾಡಿದೆ. ಇದು ಬಕೆಟ್ಟು. ಇದು ನೀರು. ನೀರು ತಣ್ಣಗಿದೆ. ನಿನ್ನ ಮೂಗಿನಲ್ಲಿ ಏನಿದೆ? ನಾಯಕಿ ಕತ್ತು ವಾಲಿಸಿ ಕೇಳಿಸಿಕೊಂಡಳು. ನಗಲಿಲ್ಲ.

ಫೆಬ್ರವರಿ 20

ಇಡೀ ಬೀದಿಗೆ ನನ್ನ ದನಿ ಗೊತ್ತಾಗಿದೆ. ಬಸ್ಸಿನಲ್ಲಿ ಕಂಡದ್ದನ್ನೆಲ್ಲ ಅವಳಿಗೆ ಗಟ್ಟಿಯಾಗಿ ಹೇಳುತ್ತ ಹೋಗುತ್ತೇನೆ. ನಾಯಿ, ಛತ್ರಿ, ಬೋಳುತಲೆಯವರು. ಒಬ್ಬ ಬೋಳುತಲೆಯವರಿಗೆ ಬೇಜಾರಾಯಿತು. ಸೈಕಲ್ ಅಂಗಡಿಯವನು “ಯಜಮಾನ್ರೇ, ರೇಡಿಯೋ ಸ್ವಲ್ಪ ಸಣ್ಣಗೆ ಮಾಡಿ” ಎನ್ನುತ್ತಾನೆ. ಮಾಡುವುದಿಲ್ಲ ಎಂದೆ.

ಮಾರ್ಚ್ 26

ಏಪ್ರಿಲ್ ಹತ್ತಿರ ಬಂತು. ನಮಗೆ ಯಾರಿಗೂ ಏನೂ ಖಚಿತವಿಲ್ಲ. ಅವಳು ತಿರುಗುತ್ತಾಳೆ, ನಿಜ. ಸದ್ದಿಗೆ ತಿರುಗಿದಳೋ, ನೆರಳಿಗೋ, ನನ್ನ ಮೂಗಿಗೋ? ಒಮ್ಮೆ ಮೋಸ ಹೋದ ಮೇಲೆ ಪ್ರತಿಯೊಂದಕ್ಕೂ ಅನುಮಾನ.

ಮುಖವನ್ನು ಗೋಡೆಯ ಹಾಗೆ ಇಟ್ಟುಕೊಂಡು ನೋಡೋಣ ಎಂದು ಇವತ್ತು ಬೆಳಿಗ್ಗೆ ಅವಳೆದುರು ಕಲ್ಲಾಗಿ ಕೂತೆ. ನಾಯಕಿ ನಕ್ಕಳು. ನಾನು ನಗಲಿಲ್ಲ. ಚಪ್ಪಾಳೆ ತಟ್ಟಿದಳು. ಸುಮ್ಮನಿದ್ದೆ. ಟಾಟಾ ಮಾಡಿದಳು, ಕಿವಿ ಹಿಡಿದಳು, ನಾನು ಕಲಿಸಿದ್ದನ್ನೆಲ್ಲ ಒಂದರ ಹಿಂದೆ ಒಂದು ಮಾಡಿ ತೋರಿಸಿದಳು. ಕೊನೆಗೆ ಕೆಳತುಟಿ ಉಬ್ಬಿ ಬಂತು. ಬಿಕ್ಕಿ ಬಿಕ್ಕಿ ಅತ್ತಳು. ಎದೆಗೆ ಅವಚಿಕೊಂಡು ಇಡೀ ಕೋಣೆ ಸುತ್ತಿದೆ. ಇಂಥ ಪರೀಕ್ಷೆ ಇನ್ನು ಮಾಡುವುದಿಲ್ಲ. ಅವಳಿಗೆ ಏನು ಕೇಳಿಸುತ್ತದೋ ಅಷ್ಟು ಕೇಳಿಸಲಿ.

ಏಪ್ರಿಲ್ 17

ಹದಿನೈದು ತಿಂಗಳ ಚುಚ್ಚುಮದ್ದಿಗೆ ಹೋಗಿದ್ದೆವು. ಗಂಟೆಯ ಪರೀಕ್ಷೆಯನ್ನು ಇಲ್ಲೇ ಮಾಡಿ, ಏನಾಯಿತೆಂದು ತಿಳಿಸಿ ಎಂದು ಕಿವಿಯ ಡಾಕ್ಟರ್ ಹೇಳಿದ್ದರು. ಸೂಜಿಯ ನೋವಿನಲ್ಲಿ ಏನೂ ತಿಳಿಯುವುದಿಲ್ಲವೆಂದು ಸಿಸ್ಟರ್ ಪರೀಕ್ಷೆಯನ್ನೇ ಮೊದಲಿಟ್ಟುಕೊಂಡರು.

ಮಗಳು ಬಾಗಿಲ ಹತ್ತಿರ, ಮಗುವಿಗೆ ಕಾಣದ ಹಾಗೆ ನಿಂತಳು. “ನನ್ನ ಕೈಲಾಗಲ್ಲಪ್ಪ, ನೀನೇ ಕೂರಿಸ್ಕೋ” ಎಂದಳು. ನನ್ನ ಮಡಿಲಲ್ಲಿ ನಾಯಕಿ ನನಗೇ ಮುಖ ಮಾಡಿ ನಿಂತು ಅಂಗಿಯ ಗುಂಡಿ ಕಡಿಯುತ್ತಿದ್ದಳು.

“ಅಜ್ಜಾ...” ಎಂದು ಸಿಸ್ಟರ್ ಶುರುಮಾಡುವಷ್ಟರಲ್ಲಿ ನಾನೇ ಕಣ್ಣು ಮುಚ್ಚಿಕೊಂಡೆ. ತುಟಿ ಬಿಗಿಹಿಡಿದೆ.

ಸಿಸ್ಟರ್ ಮೆಟ್ಟು ಬಿಟ್ಟು ಬರಿಗಾಲಲ್ಲಿ ನಡೆದರು. ಸಿಮೆಂಟಿನ ನೆಲ, ಅಲ್ಲಾಡುವ ಹಲಗೆಯಲ್ಲ. ಅವರು ಯಾವ ಕಡೆ ಹೋದರೆಂದು ನನಗೂ ತಿಳಿಯಲಿಲ್ಲ. ಆಮೇಲೆ ಎಡಗಡೆ, ನನ್ನ ಹೆಗಲಿನಿಂದ ದೂರದಲ್ಲಿ, ಗಂಟೆ ಒಂದೇ ಒಂದು ಸಲ ಮುಟ್ಟಿದಷ್ಟು ಮೆಲ್ಲಗೆ ಸದ್ದಾಯಿತು. ನನಗೇ ಸರಿಯಾಗಿ ಕೇಳಿಸಿತೋ ಇಲ್ಲವೋ.

ಗುಂಡಿ ಕಡಿಯುವುದು ನಿಂತಿತು.

ನನ್ನ ತೊಡೆಯ ಮೇಲೆ ಅವಳ ಪಾದಗಳು ಸರಿದವು. ಇಡೀ ಮೈ ಎಡಕ್ಕೆ ಹೊರಳಿತು. ಸ್ವಲ್ಪ ಹೊತ್ತು ಅಲ್ಲೇ ನಿಂತಿತು. ನಾನು ರೆಪ್ಪೆ ತೆರೆಯಲಿಲ್ಲ. ಆಮೇಲೆ ಅವಳು ನನ್ನ ಕಡೆ ತಿರುಗಿ ಬಂದಳು. ಜೊಲ್ಲು ಮೆತ್ತಿದ ಪುಟ್ಟ ಬೆರಳು ನನ್ನ ಕೆನ್ನೆ ಹತ್ತಿ, ರೆಪ್ಪೆಯ ಅಂಚು ಹಿಡಿದು, ಕಿಟಕಿ ತೆಗೆಯುವ ಹಾಗೆ ಮೇಲಕ್ಕೆ ಎತ್ತಿತು. ಎದುರಿಗೆ ಅವಳ ಮುಖ. ನಾನು ಏನನ್ನೋ ಗಮನಿಸದೆ ಬಿಟ್ಟೆ ಎನ್ನುವ ಹಾಗೆ ಆತುರ ಅದರಲ್ಲಿ. ಹುಬ್ಬು ಎತ್ತಿದಳು.

“ಆ!” ಎಂದು ಎಡಕ್ಕೆ ಕೈ ತೋರಿಸಿದಳು.

ಬಾಗಿಲ ಹತ್ತಿರ ಮಗಳು ಅಳುತ್ತಿದ್ದಳು. ಸಿಸ್ಟರ್ ಏನೋ ಹೇಳುತ್ತಿದ್ದರು. ನಾನು ಅವಳು ತೋರಿಸಿದ ಕಡೆ ನೋಡಿದೆ.